ಎರಡು ಬ್ಯಾಂಕು, ಒಂದೇ ಲಾಭ: ಬ್ಯಾಂಕುಗಳ ದಕ್ಷತೆ ಅಳೆದು ಹೋಲಿಸುವುದು ಹೇಗೆ?

2023–24ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ನಿವ್ವಳ ಲಾಭ ₹61,077 ಕೋಟಿ. ಅದೇ ವರ್ಷ ಎಚ್‌ಡಿಎಫ್‌ಸಿ ಬ್ಯಾಂಕಿನ ಲಾಭ ₹60,812 ಕೋಟಿ. ವ್ಯತ್ಯಾಸ ₹265 ಕೋಟಿ; ಈ ಗಾತ್ರದ ಬ್ಯಾಂಕುಗಳಿಗೆ ಅದು ಚಿಲ್ಲರೆ. ಹಾಗಾದರೆ ಎರಡರಲ್ಲಿ ದಕ್ಷ ಬ್ಯಾಂಕು ಯಾವುದು? ವರ್ಷಾಂತ್ಯದ ಠೇವಣಿ ಮತ್ತು ಸಾಲವನ್ನು ಕೂಡಿಸಿ ಸಿಬ್ಬಂದಿ ಸಂಖ್ಯೆಯಿಂದ ಭಾಗಿಸಿ ನೋಡಿ. ಎಸ್‌ಬಿಐನಲ್ಲಿ ತಲಾ ಸುಮಾರು ₹37 ಕೋಟಿ ವ್ಯವಹಾರ, ಎಚ್‌ಡಿಎಫ್‌ಸಿಯಲ್ಲಿ ₹23 ಕೋಟಿ. ಎಸ್‌ಬಿಐ ಗೆದ್ದಿತು. ಈಗ ಠೇವಣಿ ಮುಂತಾದವಕ್ಕೆ ಕೊಟ್ಟ ಬಡ್ಡಿ ಕಳೆದು ಉಳಿದ ₹100 ವರಮಾನಕ್ಕೆ ಮಾಡಿದ ಖರ್ಚು ನೋಡಿ. ಎಸ್‌ಬಿಐ ₹59, ಎಚ್‌ಡಿಎಫ್‌ಸಿ ₹40. ಎಚ್‌ಡಿಎಫ್‌ಸಿ ಗೆದ್ದಿತು.

ಎರಡೂ ಲೆಕ್ಕ ಸರಿ. ಎರಡೂ ಅಂಕಿ ಪತ್ರಿಕೆಗಳಲ್ಲಿ, ಹೂಡಿಕೆ ಸಲಹೆಗಳಲ್ಲಿ, ಯೂನಿಯನ್ನುಗಳ ಕರಪತ್ರಗಳಲ್ಲಿ ಅವರವರ ಅನುಕೂಲಕ್ಕೆ ತಕ್ಕಂತೆ ಬಂದುಹೋಗುತ್ತವೆ. ಒಂದೇ ಅನುಪಾತ ಹಿಡಿದು ತೀರ್ಪು ಕೊಟ್ಟರೆ ಎಡವುವುದು ಇಲ್ಲಿಯೇ. ಅನುಪಾತವನ್ನು ಬಿಚ್ಚಿ, ಅದರೊಳಗೆ ಖರ್ಚು ಎಷ್ಟು, ವರಮಾನ ಎಷ್ಟು, ಅದೃಷ್ಟ ಎಷ್ಟು ಎಂದು ಬೇರ್ಪಡಿಸಿದರೆ ಮಾತ್ರ ಹೋಲಿಕೆಗೆ ಅರ್ಥ. ಆ ಬಿಚ್ಚುವ ಕೆಲಸವನ್ನು ಹಂತ ಹಂತವಾಗಿ ಮಾಡೋಣ. ಎಂ.ಕಾಂ. ಪ್ರಾಜೆಕ್ಟಿಗೆ ಕೂತವರಿಗೂ, ಬ್ಯಾಂಕ್ ಷೇರು ಇಟ್ಟುಕೊಂಡವರಿಗೂ, ಬ್ಯಾಂಕಿನೊಳಗೇ ಇದ್ದು ‘ನಮ್ಮದು ಎಲ್ಲಿ ನಿಂತಿದೆ’ ಎಂದು ತಿಳಿಯಬೇಕಾದವರಿಗೂ ಒಂದು ಎಕ್ಸೆಲ್ ಶೀಟು ಮತ್ತು ವಾರ್ಷಿಕ ವರದಿಗಳು ಇದ್ದರೆ ಸಾಕು.

ಹಂತ 1: ಯಾರ ಪರವಾಗಿ ಅಳೆಯುತ್ತಿದ್ದೀರಿ?

ಷೇರುದಾರನಿಗೆ ದಕ್ಷತೆ ಎಂದರೆ ತಾನು ಹಾಕಿದ ಬಂಡವಾಳಕ್ಕೆ ಬರುವ ಪ್ರತಿಫಲ. ಸಾಲಗಾರ ಮತ್ತು ಠೇವಣಿದಾರನಿಗೆ ಬಡ್ಡಿ ದರಗಳ ನಡುವಿನ ಅಂತರ ಕಡಿಮೆ ಇದ್ದರೆ ಅದು ದಕ್ಷತೆ. ಬ್ಯಾಂಕಿನ ‘ಮಾರ್ಜಿನ್’ ಹೆಚ್ಚಾದಷ್ಟೂ ಷೇರುದಾರ ಹಿಗ್ಗುತ್ತಾನೆ, ಆದರೆ ಆ ಮಾರ್ಜಿನ್ ಬಂದದ್ದು ನಿಮ್ಮ ಉಳಿತಾಯ ಖಾತೆಗೆ ಕಡಿಮೆ ಬಡ್ಡಿ ಕೊಟ್ಟಿದ್ದರಿಂದಲೇ ಇರಬಹುದು. ಸರ್ಕಾರದ ಕಣ್ಣಿಗೆ ಜನಧನ ಖಾತೆ ನಿಭಾಯಿಸುವುದು ಸಾಧನೆ. ಲಾಭ–ನಷ್ಟದ ಪಟ್ಟಿಯಲ್ಲಿ ಅದು ಬರೀ ಖರ್ಚು. ಆದ್ದರಿಂದ ಶೀಟಿನ ಮೊದಲ ಸಾಲಿನಲ್ಲಿ ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದಿಡಿ. ‘ಒಂದೇ ಬಗೆಯ ವ್ಯವಹಾರವನ್ನು ಯಾವ ಬ್ಯಾಂಕು ಕಡಿಮೆ ಸಂಪನ್ಮೂಲದಲ್ಲಿ ಮಾಡುತ್ತಿದೆ?’ ಎಂಬುದು ನಾನು ಇಲ್ಲಿ ಇಟ್ಟುಕೊಂಡಿರುವ ಪ್ರಶ್ನೆ.

ಹಂತ 2: ಸರೀಕರನ್ನು ಆರಿಸಿ

ರಿಸರ್ವ್ ಬ್ಯಾಂಕು ವಾಣಿಜ್ಯ ಬ್ಯಾಂಕುಗಳನ್ನು ಸಾರ್ವಜನಿಕ ವಲಯ, ಖಾಸಗಿ, ವಿದೇಶಿ, ಸಣ್ಣ ಹಣಕಾಸು ಬ್ಯಾಂಕು, ಪೇಮೆಂಟ್ಸ್ ಬ್ಯಾಂಕು, ಪ್ರಾದೇಶಿಕ ಗ್ರಾಮೀಣ ಬ್ಯಾಂಕು ಎಂದು ವಿಂಗಡಿಸುತ್ತದೆ. ಈ ಗುಂಪುಗಳನ್ನು ಕಲಸಬೇಡಿ. ಮುಂಬೈನಲ್ಲಿ ನಾಲ್ಕು ಶಾಖೆ ಇಟ್ಟು ದೊಡ್ಡ ಕಂಪನಿಗಳಿಗಷ್ಟೇ ಸಾಲ ಕೊಡುವ ವಿದೇಶಿ ಬ್ಯಾಂಕಿನ ವೆಚ್ಚಕ್ಕೂ, ಸ್ವಸಹಾಯ ಗುಂಪುಗಳಿಗೆ ಸಾಲ ಕೊಟ್ಟು ವಾರವಾರ ಕಂತು ಕಟ್ಟಿಸಿಕೊಳ್ಳುವ ಸಣ್ಣ ಹಣಕಾಸು ಬ್ಯಾಂಕಿನ ವೆಚ್ಚಕ್ಕೂ ಸಂಬಂಧವೇ ಇಲ್ಲ.

ಗುಂಪಿನೊಳಗೂ ಗಾತ್ರ ನೋಡಿ. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳನ್ನೇ ತೆಗೆದುಕೊಳ್ಳಿ. ಕೆನರಾ ಬ್ಯಾಂಕು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ಎರಡೂ ಮಂಗಳೂರಿನಲ್ಲೇ ಶುರುವಾದವು. ಕೆನರಾ 1969ರಲ್ಲಿ ರಾಷ್ಟ್ರೀಕರಣಗೊಂಡಿತು, ಕರ್ಣಾಟಕ ಬ್ಯಾಂಕು ಖಾಸಗಿಯಾಗಿಯೇ ಉಳಿಯಿತು. ಇಂದು ಒಂದಕ್ಕೆ ಸಾವಿರಗಟ್ಟಲೆ ಶಾಖೆ, ಇನ್ನೊಂದಕ್ಕೆ ಸಾವಿರದೊಳಗೆ. ಊರು ಒಂದೇ ಎಂದು ಪಕ್ಕಪಕ್ಕ ಕೂರಿಸಿದರೆ ಅಭಿಮಾನಕ್ಕೆ ಹಿತ, ಲೆಕ್ಕಕ್ಕೆ ಅಲ್ಲ. ಕರ್ಣಾಟಕ ಬ್ಯಾಂಕನ್ನು ಸೌತ್ ಇಂಡಿಯನ್ ಬ್ಯಾಂಕು, ಕರೂರ್ ವೈಶ್ಯ ಬ್ಯಾಂಕು, ಸಿಟಿ ಯೂನಿಯನ್ ಬ್ಯಾಂಕುಗಳ ಸಾಲಿನಲ್ಲಿಡಿ. ಕೆನರಾವನ್ನು ಬ್ಯಾಂಕ್ ಆಫ್ ಬರೋಡಾ, ಪಂಜಾಬ್ ನ್ಯಾಷನಲ್ ಬ್ಯಾಂಕು, ಯೂನಿಯನ್ ಬ್ಯಾಂಕುಗಳ ಸಾಲಿನಲ್ಲಿಡಿ.

ಹಾಗಿದ್ದರೆ ಎಸ್‌ಬಿಐ ಮತ್ತು ಎಚ್‌ಡಿಎಫ್‌ಸಿ ಸರೀಕರೇ? ಪೂರ್ತಿ ಅಲ್ಲ. ಆದರೂ ಆರಿಸಿದ್ದೇನೆ. ಎಲ್ಲರೂ ಮಾಡುವ ಹೋಲಿಕೆ ಅದೇ, ತಪ್ಪುವ ಜಾಗಗಳೆಲ್ಲ ಅದರಲ್ಲೇ ಸಿಗುತ್ತವೆ.

ಹಂತ 3: ಅಂಕಿ ತೆಗೆಯುವುದು

ಭಾರತದ ಬ್ಯಾಂಕುಗಳ ಲೆಕ್ಕ ಓದುವುದು ಬೇರೆ ಕಂಪನಿಗಳ ಲೆಕ್ಕಕ್ಕಿಂತ ಸುಲಭ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಮೂರನೇ ಅನುಸೂಚಿ ಎಲ್ಲರಿಗೂ ಒಂದೇ ನಮೂನೆ ಹಾಕಿಕೊಟ್ಟಿದೆ. ಷೆಡ್ಯೂಲ್ ಸಂಖ್ಯೆ ನೆನಪಿದ್ದರೆ ಯಾವ ಬ್ಯಾಂಕಿನ ವರದಿ ತೆರೆದರೂ ಕಣ್ಣುಮುಚ್ಚಿ ಹುಡುಕಬಹುದು. 3 ಠೇವಣಿ, 4 ಬ್ಯಾಂಕು ಪಡೆದ ಸಾಲ, 8 ಹೂಡಿಕೆ, 9 ಮುಂಗಡ (ಬ್ಯಾಂಕು ಕೊಟ್ಟ ಸಾಲ), 10 ಸ್ಥಿರಾಸ್ತಿ. ಲಾಭ–ನಷ್ಟದ ಕಡೆ 13 ಬಂದ ಬಡ್ಡಿ, 14 ಇತರ ವರಮಾನ, 15 ಕೊಟ್ಟ ಬಡ್ಡಿ, 16 ಕಾರ್ಯಾಚರಣೆ ವೆಚ್ಚ. ಪ್ರಾವಿಷನ್ (ಸಾಲ ಮುಳುಗೀತೆಂದು ಮುಂಚೆಯೇ ತೆಗೆದಿಡುವ ಹಣ) ಮತ್ತು ತೆರಿಗೆ ‘ಪ್ರಾವಿಷನ್ಸ್ ಅಂಡ್ ಕಂಟಿಂಜೆನ್ಸೀಸ್’ ಎಂಬ ಒಂದೇ ಸಾಲಿನಲ್ಲಿ ಬೆರೆತಿರುತ್ತವೆ. ಬಿಡಿಸಲು ಷೆಡ್ಯೂಲ್ 18ರ ಟಿಪ್ಪಣಿಗೆ ಹೋಗಬೇಕು. ವಸೂಲಾಗದ ಸಾಲದ ಚಲನೆ, ತಲಾ ಸಿಬ್ಬಂದಿ ವ್ಯವಹಾರ, ತಲಾ ಲಾಭ, ಗ್ರಾಹಕರ ದೂರುಗಳ ಲೆಕ್ಕ ಕೂಡ ಆ ಟಿಪ್ಪಣಿಗಳಲ್ಲೇ ಇರುತ್ತವೆ. ಹತ್ತಾರು ಬ್ಯಾಂಕುಗಳ ಅಂಕಿ ಒಟ್ಟಿಗೆ ಬೇಕಿದ್ದರೆ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ‘ಸ್ಟ್ಯಾಟಿಸ್ಟಿಕಲ್ ಟೇಬಲ್ಸ್ ರಿಲೇಟಿಂಗ್ ಟು ಬ್ಯಾಂಕ್ಸ್ ಇನ್ ಇಂಡಿಯಾ’ ಎಂಬ ವಾರ್ಷಿಕ ಪ್ರಕಟಣೆ ಉಚಿತವಾಗಿ ಸಿಗುತ್ತದೆ, ಎಕ್ಸೆಲ್ ರೂಪದಲ್ಲೇ.

ಅಂಕಿ ಇಳಿಸಿಕೊಂಡ ಕೂಡಲೇ ಭಾಗಾಕಾರಕ್ಕೆ ಇಳಿಯಬೇಡಿ. ಮೊದಲು ಮೂರು ಬಗೆಯ ಕಸ ತೆಗೆಯಬೇಕು.

ಒಂದು, ವಿಲೀನ. ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಮತ್ತು ಆಂಧ್ರ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ 2020ರ ಏಪ್ರಿಲ್ 1ರಂದು ಸೇರಿದವು. ವಿಜಯ ಬ್ಯಾಂಕು ಅದಕ್ಕೆ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿತ್ತು, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐಗೆ. 2020ರ ಮಾರ್ಚ್ 31ರ ಕೆನರಾಕ್ಕೂ ಮರುದಿನದ ಕೆನರಾಕ್ಕೂ ಹೆಸರು ಒಂದೇ, ಬ್ಯಾಂಕು ಬೇರೆ. ಹಳೆಯ ವರ್ಷಗಳಿಗೆ ಎರಡೂ ಬ್ಯಾಂಕುಗಳ ಅಂಕಿ ಕೂಡಿಸಿಕೊಂಡು ಹೋಲಿಸಿ. ಗೃಹಸಾಲ ಕಂಪನಿ ಎಚ್‌ಡಿಎಫ್‌ಸಿ ಲಿಮಿಟೆಡ್, ಎಚ್‌ಡಿಎಫ್‌ಸಿ ಬ್ಯಾಂಕಿನೊಳಗೆ ಬಂದದ್ದು 2023ರ ಜುಲೈ 1ರಂದು, ಅಂದರೆ ವರ್ಷದ ನಡುವೆ. ಅಲ್ಲಿ ವರ್ಷಾರಂಭ–ವರ್ಷಾಂತ್ಯ ಎರಡೇ ಅಂಕಿಗಳ ಸರಾಸರಿ ದಾರಿ ತಪ್ಪಿಸುತ್ತದೆ. ಐದು ತ್ರೈಮಾಸಿಕ ಅಂತ್ಯಗಳ ಸರಾಸರಿ ತೆಗೆಯಿರಿ.

ಎರಡು, ಒಂದು ಸಲದ ಐಟಂಗಳು. 2023–24ರಲ್ಲಿ ಎಸ್‌ಬಿಐ ಪಿಂಚಣಿ ಮತ್ತು ತುಟ್ಟಿ ಪರಿಹಾರದ ಬಾಬ್ತು ₹7,100 ಕೋಟಿಯನ್ನು ಒಂದೇ ಸಲಕ್ಕೆ ತೆಗೆದಿಟ್ಟಿತು. ಅದೇ ವರ್ಷ ಎಚ್‌ಡಿಎಫ್‌ಸಿ ಬ್ಯಾಂಕಿಗೆ ಶಿಕ್ಷಣ ಸಾಲದ ಅಂಗಸಂಸ್ಥೆ ಕ್ರೆಡಿಲಾದ ಪಾಲು ಮಾರಿ ₹7,340 ಕೋಟಿ ಲಾಭ ಬಂತು. ಅದರ ಜತೆಗೇ ಮುಂದಿನ ಕಷ್ಟಕ್ಕೆಂದು ₹10,900 ಕೋಟಿಯ ಫ್ಲೋಟಿಂಗ್ ಪ್ರಾವಿಷನ್ನೂ ಮಾಡಿತು. ಇವುಗಳನ್ನು ಪಕ್ಕದ ಕಾಲಂನಲ್ಲಿ ಬೇರೆಯಾಗಿ ಬರೆದು, ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಮಾಡಿ.

ಮೂರು, ನಿಯಮ ಬದಲಾವಣೆ. ಹೂಡಿಕೆಗಳನ್ನು ವರ್ಗೀಕರಿಸುವ, ಬೆಲೆ ಕಟ್ಟುವ ಹೊಸ ನಿಯಮಗಳು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮಾರಾಟಕ್ಕೆಂದು ಇಟ್ಟ ಸಾಲಪತ್ರಗಳ ಬೆಲೆಯ ಏರಿಳಿತ ಈಗ ನೇರವಾಗಿ ಮೀಸಲು ನಿಧಿಗೆ ಹೋಗುತ್ತದೆ, ಅವನ್ನು ಮಾರುವವರೆಗೆ ಲಾಭ–ನಷ್ಟದ ಪಟ್ಟಿಗೆ ಬರುವುದಿಲ್ಲ. ಹೀಗಾಗಿ 2023–24 ಮತ್ತು 2024–25ರ ‘ಇತರ ವರಮಾನ’ ತದ್ವತ್ ಹೋಲುವ ಅಂಕಿಗಳಲ್ಲ.

ಹಂತ 4: ₹100 ಸ್ವತ್ತಿನ ಲೆಕ್ಕ

ಒಂದೇ ಒಂದು ಹಂತ ಮಾಡಲು ಪುರುಸೊತ್ತಿದೆ ಎಂದಾದರೆ ಇದನ್ನು ಮಾಡಿ. ಲಾಭ–ನಷ್ಟದ ಪ್ರತಿ ಸಾಲನ್ನೂ ಸರಾಸರಿ ಒಟ್ಟು ಸ್ವತ್ತಿನಿಂದ ಭಾಗಿಸಿ 100ರಿಂದ ಗುಣಿಸಿ. ಆಗ ‘₹100 ಸ್ವತ್ತು ಇಟ್ಟುಕೊಂಡು ಬ್ಯಾಂಕು ಏನು ಮಾಡಿತು’ ಎಂಬ ಕಥೆ ಮೇಲಿನಿಂದ ಕೆಳಕ್ಕೆ ಸಾಲಾಗಿ ಬರುತ್ತದೆ.

2023–24ರಲ್ಲಿ ಎಸ್‌ಬಿಐನ ನಿವ್ವಳ ಬಡ್ಡಿ ವರಮಾನ (ಬಂದ ಬಡ್ಡಿಯಲ್ಲಿ ಕೊಟ್ಟ ಬಡ್ಡಿ ಕಳೆದದ್ದು) ₹1,59,876 ಕೋಟಿ, ಇತರ ವರಮಾನ ₹51,682 ಕೋಟಿ, ಕಾರ್ಯಾಚರಣೆ ವೆಚ್ಚ ಪಿಂಚಣಿಯ ಆ ₹7,100 ಕೋಟಿಯೂ ಸೇರಿ ₹1,24,861 ಕೋಟಿ, ಪ್ರಾವಿಷನ್ ₹4,914 ಕೋಟಿ. ಸರಾಸರಿ ಸ್ವತ್ತು ಸುಮಾರು ₹58.5 ಲಕ್ಷ ಕೋಟಿ. ಎಚ್‌ಡಿಎಫ್‌ಸಿ ಬ್ಯಾಂಕಿಗೆ ಇವೇ ಅಂಕಿಗಳು ಕ್ರಮವಾಗಿ ₹1,08,532 ಕೋಟಿ, ₹49,241 ಕೋಟಿ, ₹63,386 ಕೋಟಿ, ₹23,492 ಕೋಟಿ. ಸರಾಸರಿ ಸ್ವತ್ತು ಸುಮಾರು ₹31 ಲಕ್ಷ ಕೋಟಿ. ಭಾಗಿಸಿದರೆ ಬರುವುದು ಇದು (ಅಂಕಿ ದುಂಡಗೆ ಮಾಡಿದ್ದರಿಂದ ಸಾಲುಗಳನ್ನು ಕೂಡಿ ಕಳೆದರೆ ಒಂದು ಪೈಸೆ ಅತ್ತಿತ್ತ ಆಗಬಹುದು):

ನಿವ್ವಳ ಬಡ್ಡಿ ವರಮಾನ: ಎಸ್‌ಬಿಐ ₹2.73, ಎಚ್‌ಡಿಎಫ್‌ಸಿ ₹3.50
ಇತರ ವರಮಾನ: ₹0.88, ₹1.59
ಕಾರ್ಯಾಚರಣೆ ವೆಚ್ಚ: ₹2.13, ₹2.04
ಪ್ರಾವಿಷನ್‌ಗೆ ಮುನ್ನಿನ ಲಾಭ: ₹1.48, ₹3.04
ಪ್ರಾವಿಷನ್: ₹0.08, ₹0.76
ತೆರಿಗೆಗೆ ಮುನ್ನಿನ ಲಾಭ: ₹1.40, ₹2.29
ನಿವ್ವಳ ಲಾಭ: ₹1.04, ₹1.96

ಮೂರನೇ ಸಾಲಿನಲ್ಲಿ ನಿಲ್ಲಿ. ವೆಚ್ಚ–ವರಮಾನ ಅನುಪಾತ 59ಕ್ಕೆ 40 ಎಂದಾಗ ‘ಎಸ್‌ಬಿಐ ದುಂದುಗಾರ’ ಎಂದೇ ಎಲ್ಲರೂ ಓದಿಕೊಳ್ಳುತ್ತಾರೆ. ಆದರೆ ₹100 ಸ್ವತ್ತು ನಿಭಾಯಿಸಲು ಎರಡೂ ಬ್ಯಾಂಕುಗಳು ಮಾಡಿದ ಖರ್ಚು ಹೆಚ್ಚುಕಡಿಮೆ ಒಂದೇ. ಪಿಂಚಣಿಯ ₹7,100 ಕೋಟಿ ಕಳೆದರಂತೂ ಎಸ್‌ಬಿಐನದು ₹2.01ಕ್ಕೆ ಇಳಿದು ಎಚ್‌ಡಿಎಫ್‌ಸಿಗಿಂತ ಕಡಿಮೆಯೇ ಆಗುತ್ತದೆ. ಅನುಪಾತದಲ್ಲಿ ಕಾಣುವ ಅಂತರ ಬಂದದ್ದು ಛೇದದಿಂದ, ಅಂದರೆ ವರಮಾನದಿಂದ. ವೆಚ್ಚ ಕಡಿತದ ಭಾಷಣ ಮಾಡುವವರು ಈ ಸಾಲನ್ನು ಒಮ್ಮೆ ನೋಡಬೇಕು.

ಹಾಗಾದರೆ ವರಮಾನದ ಅಂತರವೆಲ್ಲ ದಕ್ಷತೆಯೇ? ಅದನ್ನೂ ಬಿಚ್ಚೋಣ. ಎಸ್‌ಬಿಐನ ಸ್ವತ್ತಿನಲ್ಲಿ ಷೇರುದಾರರ ಸ್ವಂತ ಬಂಡವಾಳದ ಪಾಲು ಸುಮಾರು ಶೇ 6, ಎಚ್‌ಡಿಎಫ್‌ಸಿಯಲ್ಲಿ ಸುಮಾರು ಶೇ 12. ಸ್ವಂತ ಬಂಡವಾಳಕ್ಕೆ ಬಡ್ಡಿ ಕೊಡಬೇಕಿಲ್ಲ. ಠೇವಣಿಯ ಬಡ್ಡಿ ಶೇ 5 ಎಂದು ಹಿಡಿದರೆ, ಹೆಚ್ಚುವರಿ ₹6ರಿಂದ ಉಳಿಯುವ ಬಡ್ಡಿ 30 ಪೈಸೆ. ಬಡ್ಡಿ ವರಮಾನದ ಅಂತರ 77 ಪೈಸೆ. ಅದರಲ್ಲಿ 30 ಪೈಸೆ ಮ್ಯಾನೇಜರನ ಜಾಣ್ಮೆಯಿಂದ ಬಂದದ್ದಲ್ಲ, ಷೇರುದಾರನ ದುಡ್ಡಿನಿಂದ ಬಂದದ್ದು. ಉಳಿದದ್ದರಲ್ಲಿ ಒಂದು ಪಾಲು ಅಪಾಯದ ಬೆಲೆ. ಸರ್ಕಾರಿ ಸಾಲಪತ್ರಕ್ಕೆ ರಿಸರ್ವ್ ಬ್ಯಾಂಕಿನ ಅಪಾಯ ತೂಕ (ಅಪಾಯಕ್ಕೆ ತಕ್ಕಂತೆ ಎಷ್ಟು ಬಂಡವಾಳ ಇಡಬೇಕೆಂದು ಲೆಕ್ಕ ಹಾಕಲು ಬಳಸುವ ಶೇಕಡಾವಾರು) ಸೊನ್ನೆ. ಅಡಮಾನವಿಲ್ಲದ ವೈಯಕ್ತಿಕ ಸಾಲಕ್ಕೆ 2023ರ ನವೆಂಬರ್‌ನಲ್ಲಿ ಅದನ್ನು ಶೇ 100ರಿಂದ 125ಕ್ಕೆ ಏರಿಸಲಾಯಿತು. ಹೆಚ್ಚು ಅಪಾಯದ ಸಾಲ ಹೆಚ್ಚು ಬಡ್ಡಿ ತರುವುದು ಸಹಜ. ಅದಕ್ಕೇ ಒಟ್ಟು ಸ್ವತ್ತಿನ ಬದಲು ಅಪಾಯ ತೂಕದ ಸ್ವತ್ತಿನಿಂದ ಭಾಗಿಸಿ ಎರಡನೇ ಶೀಟು ಮಾಡಿಟ್ಟುಕೊಳ್ಳಿ. ಬೇಕಾದ ಅಂಕಿ, ಬಂಡವಾಳ ನಿಯಮಗಳಡಿ ಬ್ಯಾಂಕು ಹೊರಡಿಸುವ ಬಾಸೆಲ್–3 ಪ್ರಕಟಣೆಯಲ್ಲಿದೆ.

ಇತರ ವರಮಾನದಲ್ಲೂ ಕ್ರೆಡಿಲಾ ಮಾರಾಟ ಕಳೆದರೆ ಎಚ್‌ಡಿಎಫ್‌ಸಿಯ ₹1.59 ಸುಮಾರು ₹1.35ಕ್ಕೆ ಬರುತ್ತದೆ. ಇನ್ನೊಂದು ಸೂಕ್ಷ್ಮ: ಎಚ್‌ಡಿಎಫ್‌ಸಿಯ ಕ್ರೆಡಿಟ್ ಕಾರ್ಡ್ ವ್ಯವಹಾರ ಬ್ಯಾಂಕಿನೊಳಗೇ ಇದೆ, ಎಸ್‌ಬಿಐ ಕಾರ್ಡ್ ಪ್ರತ್ಯೇಕ ಕಂಪನಿ. ಬ್ಯಾಂಕಿನ ಲೆಕ್ಕವನ್ನಷ್ಟೇ ನೋಡಿದರೆ ಒಂದು ಕಡೆ ಕಾರ್ಡಿನ ಶುಲ್ಕ ಸಿಗುತ್ತದೆ, ಇನ್ನೊಂದು ಕಡೆ ಸಿಗುವುದಿಲ್ಲ. ಸಮೂಹದ ಲೆಕ್ಕ ಹಿಡಿದರೆ ವಿಮಾ ಕಂಪನಿಗಳ ಪ್ರೀಮಿಯಂ ಬಂದು ಎಲ್ಲ ಕಲಸಿಹೋಗುತ್ತದೆ. ನನ್ನ ಮಟ್ಟಿಗೆ ಬ್ಯಾಂಕಿನ ಲೆಕ್ಕವೇ ಮೇಲು, ಕಾರ್ಡಿನ ವಿಷಯವನ್ನು ಟಿಪ್ಪಣಿಯಲ್ಲಿ ಹೇಳಿದರಾಯಿತು.

ಕೊನೆಯ ಸಾಲುಗಳಿಗೆ ಬನ್ನಿ. ತೆರಿಗೆಗೆ ಮುನ್ನ ಎಸ್‌ಬಿಐ ಲಾಭ ₹81,783 ಕೋಟಿ, ಎಚ್‌ಡಿಎಫ್‌ಸಿಯದು ₹70,895 ಕೋಟಿ. ಸಮ ಮಾಡಿದ್ದು ತೆರಿಗೆ. ಎಸ್‌ಬಿಐ ಲಾಭದ ಕಾಲು ಭಾಗ ತೆರಿಗೆಗೆ ಹೋದರೆ, ಎಚ್‌ಡಿಎಫ್‌ಸಿಗೆ ಆ ವರ್ಷ ಬಿದ್ದದ್ದು ಶೇ 14ರಷ್ಟು. ಆ ತೆರಿಗೆ ವ್ಯತ್ಯಾಸದಲ್ಲಿ ಶಾಖೆಯವನ ಕೆಲಸದ ಪಾಲೇನೂ ಇಲ್ಲ. ದಕ್ಷತೆಯ ಹೋಲಿಕೆಗೆ ನಿವ್ವಳ ಲಾಭಕ್ಕಿಂತ ಪ್ರಾವಿಷನ್‌ಗೆ ಮುನ್ನಿನ ಲಾಭ ಮತ್ತು ತೆರಿಗೆಗೆ ಮುನ್ನಿನ ಲಾಭ ಎರಡನ್ನೂ ಇಡಬೇಕು ಎನ್ನುವುದು ಇದಕ್ಕೇ.

ಹಂತ 5: ತಲಾ ಸಿಬ್ಬಂದಿ ಎಂಬ ಬಲೆ

ತಲಾ ವ್ಯವಹಾರದಲ್ಲಿ ಎಸ್‌ಬಿಐ ಮುಂದೆ ಎಂದೆವು. ತಲಾ ಲಾಭ ನೋಡಿದರೆ ಎಸ್‌ಬಿಐ ಸುಮಾರು ₹26 ಲಕ್ಷ, ಎಚ್‌ಡಿಎಫ್‌ಸಿ ₹28 ಲಕ್ಷ ಚಿಲ್ಲರೆ. ಅಂತರ ಬಹುತೇಕ ಕರಗಿತು. ಎಸ್‌ಬಿಐನ ಸಿಬ್ಬಂದಿ 2.32 ಲಕ್ಷ, ಎಚ್‌ಡಿಎಫ್‌ಸಿಯದು 2.13 ಲಕ್ಷ. ಆದರೆ ಈ ತಲೆಲೆಕ್ಕದಲ್ಲಿ ಹೊರಗುತ್ತಿಗೆಯವರಿಲ್ಲ. ಹಳ್ಳಿಯಲ್ಲಿ ಹೆಬ್ಬೆಟ್ಟು ಒತ್ತಿಸಿ ದುಡ್ಡು ಕೊಡುವ ಬ್ಯಾಂಕ್ ಮಿತ್ರ, ಬಾಗಿಲಿಗೆ ಬರುವ ವಸೂಲಿ ಏಜೆಂಟ್, ಕಾಲ್ ಸೆಂಟರಿನ ದನಿ, ಎಟಿಎಂಗೆ ನೋಟು ತುಂಬುವವರು ಯಾರೂ ಬ್ಯಾಂಕಿನ ಸಿಬ್ಬಂದಿಯಲ್ಲ. ಅವರ ಕೂಲಿ ಷೆಡ್ಯೂಲ್ 16ರ ‘ಇತರ ಖರ್ಚು’ ಎಂಬ ಸಾಲಿನಲ್ಲಿ ಅಡಗಿರುತ್ತದೆ. ಎಸ್‌ಬಿಐನ ಕಾರ್ಯಾಚರಣೆ ವೆಚ್ಚದಲ್ಲಿ ಶೇ 60ಕ್ಕೂ ಹೆಚ್ಚು ಸಂಬಳ–ಪಿಂಚಣಿಗೆ ಹೋಗುತ್ತದೆ, ಎಚ್‌ಡಿಎಫ್‌ಸಿಯಲ್ಲಿ ಅದು ಮೂರನೇ ಒಂದು ಭಾಗದ ಆಸುಪಾಸು. ಆದ್ದರಿಂದ ತಲೆ ಎಣಿಸುವುದನ್ನು ಬಿಟ್ಟು ರೂಪಾಯಿ ಎಣಿಸಿ: ₹1 ಸಿಬ್ಬಂದಿ ವೆಚ್ಚಕ್ಕೆ ಎಷ್ಟು ವರಮಾನ, ₹1 ಒಟ್ಟು ವೆಚ್ಚಕ್ಕೆ ಎಷ್ಟು.

ಶಾಖೆಯೊಂದಕ್ಕೆ ವ್ಯವಹಾರ ಎಂಬ ಅಳತೆಯ ಗತಿಯೂ ಇಷ್ಟೇ. ಬೆಂಗಳೂರಿನ ಕಾರ್ಪೊರೇಟ್ ಶಾಖೆಯನ್ನೂ ಯಾದಗಿರಿಯ ಹೋಬಳಿ ಶಾಖೆಯನ್ನೂ ಒಂದೊಂದು ಎಂದು ಎಣಿಸುವ ಲೆಕ್ಕ ಅದು.

ಹಂತ 6: ಕೆಟ್ಟ ಸಾಲದ ನೆರಳು

ಸಾಲ ಕೊಟ್ಟ ವರ್ಷ ಬಡ್ಡಿ ಬರುತ್ತದೆ, ಖರ್ಚು ಕಡಿಮೆ ಕಾಣುತ್ತದೆ, ದಕ್ಷತೆ ಹೊಳೆಯುತ್ತದೆ. ಸಾಲ ಮುಳುಗುವುದು ಮೂರು–ನಾಲ್ಕು ವರ್ಷದ ನಂತರ. 2015ರಲ್ಲಿ ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ ರಿಸರ್ವ್ ಬ್ಯಾಂಕು ಸ್ವತ್ತಿನ ಗುಣಮಟ್ಟದ ಪರಿಶೀಲನೆ ಶುರು ಮಾಡಿತು. ಮುಚ್ಚಿಟ್ಟಿದ್ದೆಲ್ಲ ಹೊರಬಂತು. 2018ರ ಮಾರ್ಚ್ ವೇಳೆಗೆ ದೇಶದ ವಾಣಿಜ್ಯ ಬ್ಯಾಂಕುಗಳ ಒಟ್ಟು ಎನ್‌ಪಿಎ (ವಸೂಲಾಗದ ಸಾಲ) ಕೊಟ್ಟ ಸಾಲದ ಶೇ 11 ದಾಟಿತ್ತು. 2024ರ ಮಾರ್ಚ್‌ಗೆ ಅದು ಶೇ 3ಕ್ಕಿಂತ ಕೆಳಗಿಳಿಯಿತು. 2012ರ ಅಂಕಿಗಳನ್ನಷ್ಟೇ ನೋಡಿ ದಕ್ಷ ಎಂದವರೂ, 2018ರ ಅಂಕಿಗಳನ್ನಷ್ಟೇ ನೋಡಿ ದಂಡ ಎಂದವರೂ ಒಂದೇ ತಪ್ಪು ಮಾಡಿದರು. ಕನಿಷ್ಠ ಐದು ವರ್ಷ, ಸಾಧ್ಯವಾದರೆ ಒಂದು ಇಡೀ ಸಾಲಚಕ್ರದ ಸರಾಸರಿ ಪ್ರಾವಿಷನ್ ತೆಗೆದು ಪ್ರತಿ ವರ್ಷದ ವೆಚ್ಚಕ್ಕೆ ಸೇರಿಸಿ.

ಒಟ್ಟು ಎನ್‌ಪಿಎ ಶೇಕಡಾವಾರನ್ನು ಮಾತ್ರ ನಂಬಬೇಡಿ. ಸಾಲವನ್ನು ಪುಸ್ತಕದಿಂದ ರೈಟ್‌ಆಫ್ ಮಾಡಿದರೆ ಅಂಶ ಕುಗ್ಗುತ್ತದೆ, ಹೊಸ ಸಾಲ ಹೆಚ್ಚು ಕೊಟ್ಟರೆ ಛೇದ ಹಿಗ್ಗುತ್ತದೆ, ಎರಡರಲ್ಲೂ ಶೇಕಡಾವಾರು ಇಳಿಯುತ್ತದೆ. ವರ್ಷದಲ್ಲಿ ಹೊಸದಾಗಿ ಕೆಟ್ಟ ಸಾಲ, ಅಂದರೆ ಸ್ಲಿಪೇಜ್, ಇದಕ್ಕಿಂತ ಪ್ರಾಮಾಣಿಕ. ಎನ್‌ಪಿಎ ಚಲನೆಯ ಟಿಪ್ಪಣಿಯಲ್ಲಿ ‘ವರ್ಷದಲ್ಲಿ ಸೇರ್ಪಡೆ’ ಎಂಬ ಸಾಲು ಅದು.

ಹಂತ 7: ಹಲವು ಅಳತೆಗಳಿಂದ ಒಂದು ಅಂಕ

ಇಷ್ಟೆಲ್ಲ ಅನುಪಾತ ಕೈಯಲ್ಲಿದ್ದರೂ ‘ಒಟ್ಟಾರೆ ಯಾರು ಮುಂದೆ’ ಎಂಬ ಪ್ರಶ್ನೆ ಉಳಿಯುತ್ತದೆ. ಅನುಪಾತಗಳಿಗೆ ಮನಸ್ಸಿಗೆ ಬಂದ ತೂಕ ಹಾಕಿ ಕೂಡಿಸುವುದು ಮ್ಯಾಗಜೀನ್ ರ‍್ಯಾಂಕಿಂಗಿನ ದಾರಿ. ಸಂಶೋಧಕರ ದಾರಿ ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್, ಚಿಕ್ಕದಾಗಿ ಡಿಇಎ. ಇದರ ಬೀಜ 1957ರ ಫ್ಯಾರೆಲ್ ಅವರ ಲೇಖನ. 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಅದನ್ನು ಲೀನಿಯರ್ ಪ್ರೋಗ್ರಾಮಿಂಗ್ ಆಗಿ ರೂಪಿಸಿದರು. ಹೆಸರು ಭಾರ, ವಿಷಯ ಹಗುರ.

ಕಾಲ್ಪನಿಕ ಅಂಕಿಗಳಲ್ಲಿ ನೋಡಿ. ನಾಲ್ಕು ಬ್ಯಾಂಕುಗಳು ತಲಾ ₹100 ಕೋಟಿ ಸಾಲ ನಿಭಾಯಿಸುತ್ತವೆ. ‘ಅ’ಗೆ 20 ಸಿಬ್ಬಂದಿ, ₹60 ಲಕ್ಷ ಇತರ ವೆಚ್ಚ ಸಾಕು. ‘ಆ’ಗೆ 40 ಸಿಬ್ಬಂದಿ, ₹30 ಲಕ್ಷ. ‘ಇ’ಗೆ 50 ಸಿಬ್ಬಂದಿ, ₹75 ಲಕ್ಷ. ‘ಈ’ಗೆ 25 ಸಿಬ್ಬಂದಿ, ₹100 ಲಕ್ಷ.

‘ಅ’ ಯಂತ್ರ ನಂಬಿದ ಬ್ಯಾಂಕು, ‘ಆ’ ಜನ ನಂಬಿದ ಬ್ಯಾಂಕು. ಇವೆರಡರಲ್ಲಿ ಒಂದನ್ನು ಇನ್ನೊಂದಕ್ಕಿಂತ ಕೀಳು ಎನ್ನಲು ಆಧಾರವಿಲ್ಲ. ಎರಡಕ್ಕೂ ಅಂಕ 1. ಈಗ ‘ಇ’ಯನ್ನು ನೋಡಿ. ‘ಅ’ದಲ್ಲಿ ಅರ್ಧ, ‘ಆ’ದಲ್ಲಿ ಅರ್ಧ ಬೆರೆಸಿದರೆ 30 ಸಿಬ್ಬಂದಿ, ₹45 ಲಕ್ಷದಲ್ಲಿ ಅದೇ ₹100 ಕೋಟಿ ಸಾಲ ನಿಭಾಯಿಸಬಹುದು. 50ಕ್ಕೆ 30, 75ಕ್ಕೆ 45, ಎರಡೂ ಶೇ 60. ಹಾಗಾಗಿ ‘ಇ’ಯ ಅಂಕ 0.60. ಅಂಕದ ಜತೆಗೆ ಯಾರನ್ನು ನೋಡಿ ಕಲಿಯಬೇಕು ಎಂಬುದೂ ಸಿಕ್ಕಿತು: ‘ಅ’ ಮತ್ತು ‘ಆ’, ಸಮಪಾಲಿನಲ್ಲಿ. ‘ಈ’ಯ ಸಂಗತಿ ಸ್ವಲ್ಪ ಬೇರೆ. ಅದನ್ನು ಶೇ 80ಕ್ಕೆ ಇಳಿಸಿದರೆ 20 ಸಿಬ್ಬಂದಿ, ₹80 ಲಕ್ಷ; ಸಿಬ್ಬಂದಿಯಲ್ಲಿ ‘ಅ’ಗೆ ಸಮ, ಆದರೂ ವೆಚ್ಚದಲ್ಲಿ ₹20 ಲಕ್ಷ ಇನ್ನೂ ಹೆಚ್ಚು. ಅಂಕ 0.80, ಮೇಲೆ ₹20 ಲಕ್ಷದ ‘ಸ್ಲ್ಯಾಕ್’. ಬರೀ ಅಂಕ ಬರೆದು ಸ್ಲ್ಯಾಕ್ ಬಿಟ್ಟ ಪ್ರಬಂಧಗಳು ಬೇಕಾದಷ್ಟಿವೆ, ನೀವು ಬಿಡಬೇಡಿ.

ಎಕ್ಸೆಲ್‌ನಲ್ಲಿ ಮಾಡುವುದು ಹೀಗೆ. ಬ್ಯಾಂಕುಗಳು ಸಾಲಾಗಿ, ಒಳಹರಿವು (ಸಿಬ್ಬಂದಿ, ವೆಚ್ಚದಂಥ ಬಳಸಿದ ಸಂಪನ್ಮೂಲ) ಮತ್ತು ಹೊರಹರಿವುಗಳು (ಸಾಲದಂಥ ಫಲ) ಕಾಲಂಗಳಾಗಿ. ಪಕ್ಕದಲ್ಲಿ ಪ್ರತಿ ಬ್ಯಾಂಕಿಗೊಂದು ‘ತೂಕ’ದ ಖಾಲಿ ಕೋಶ, ಮೇಲೆ ‘ಅಂಕ’ಕ್ಕೊಂದು ಕೋಶ. ಎಕ್ಸೆಲ್‌ನಲ್ಲೇ ಇರುವ ಸಾಲ್ವರ್ ಎಂಬ ಸಾಧನ ತೆರೆದು, ಅಂಕ ಕನಿಷ್ಠವಾಗಲಿ ಎಂದು ಹೇಳಿ. ಬದಲಾಗಬಹುದಾದ ಕೋಶಗಳು ಅಂಕ ಮತ್ತು ತೂಕಗಳು. ಷರತ್ತುಗಳು ಮೂರು: ತೂಕ ಹಾಕಿ ಕೂಡಿಸಿದ ಪ್ರತಿ ಒಳಹರಿವು, ಪರೀಕ್ಷೆಗೊಳಗಾದ ಬ್ಯಾಂಕಿನ ಒಳಹರಿವನ್ನು ಅಂಕದಿಂದ ಗುಣಿಸಿದ್ದಕ್ಕಿಂತ ಹೆಚ್ಚಿರಬಾರದು, ತೂಕ ಹಾಕಿದ ಪ್ರತಿ ಹೊರಹರಿವು ಆ ಬ್ಯಾಂಕಿನದಕ್ಕಿಂತ ಕಡಿಮೆ ಇರಬಾರದು, ತೂಕ ಋಣಾತ್ಮಕ ಆಗಬಾರದು. ‘ಸಿಂಪ್ಲೆಕ್ಸ್ ಎಲ್‌ಪಿ’ ಆರಿಸಿ ಓಡಿಸಿ. ಪ್ರತಿ ಬ್ಯಾಂಕಿಗೂ ಒಮ್ಮೊಮ್ಮೆ ಓಡಿಸಬೇಕು. ಬ್ಯಾಂಕುಗಳು ಹೆಚ್ಚಿದ್ದರೆ ‘ಆರ್’ ಭಾಷೆಯ ಬೆಂಚ್‌ಮಾರ್ಕಿಂಗ್ ಪ್ಯಾಕೇಜ್ ಬೇಗ ಮುಗಿಸುತ್ತದೆ.

ತೂಕಗಳ ಮೊತ್ತ 1 ಆಗಬೇಕು ಎಂಬ ನಾಲ್ಕನೇ ಷರತ್ತು ಸೇರಿಸಿದರೆ ಅದು 1984ರ ಬ್ಯಾಂಕರ್–ಚಾರ್ನ್ಸ್–ಕೂಪರ್ ಮಾದರಿ. ಅಲ್ಲಿ ಬ್ಯಾಂಕನ್ನು ತನ್ನ ಗಾತ್ರದವರ ಜತೆಗೇ ಹೋಲಿಸುತ್ತೇವೆ. ಮೊದಲ ಅಂಕವನ್ನು ಎರಡನೆಯದರಿಂದ ಭಾಗಿಸಿ: ಬರುವುದು ಗಾತ್ರದ ದಕ್ಷತೆ. ಎರಡನೇ ಅಂಕ 1, ಭಾಗಲಬ್ಧ 0.75 ಬಂದರೆ ಬ್ಯಾಂಕಿನ ನಡೆ ಚೆನ್ನಾಗಿದೆ, ಗಾತ್ರ ಸರಿಯಿಲ್ಲ ಎಂದರ್ಥ. ‘ವಿಲೀನದಿಂದ ದಕ್ಷತೆ ಹೆಚ್ಚಿತೇ’ ಎಂಬ ಚರ್ಚೆಗೆ ಬೇಕಾದದ್ದು ಈ ಭಾಗಲಬ್ಧವೇ.

ಹಂತ 8: ಠೇವಣಿ ಒಳಗೋ ಹೊರಗೋ

ಡಿಇಎಯಲ್ಲಿ ಫಲಿತಾಂಶ ನಿರ್ಧಾರವಾಗುವುದು ಸಾಲ್ವರ್ ಓಡಿಸುವಾಗಲ್ಲ, ಕಾಲಂ ಆರಿಸುವಾಗ. ಠೇವಣಿ ಬ್ಯಾಂಕಿನ ಕಚ್ಚಾವಸ್ತುವೇ ಅಥವಾ ಅದು ಗ್ರಾಹಕನಿಗೆ ಕೊಡುವ ಸೇವೆಯೇ? 1977ರಲ್ಲಿ ಸೀಲಿ ಮತ್ತು ಲಿಂಡ್ಲಿ ಕೊಟ್ಟ ವಾದದ ಪ್ರಕಾರ ಬ್ಯಾಂಕು ಮಧ್ಯವರ್ತಿ. ಠೇವಣಿ, ಸಿಬ್ಬಂದಿ, ಸ್ಥಿರಾಸ್ತಿ ಒಳಹರಿವು. ಸಾಲ ಮತ್ತು ಹೂಡಿಕೆ ಹೊರಹರಿವು. ಶಾಖೆಗಳನ್ನು ಹೋಲಿಸುವಾಗ ಮಾತ್ರ ಉತ್ಪಾದನಾ ನೋಟ ಹೊಂದುತ್ತದೆ: ಸಿಬ್ಬಂದಿ ಮತ್ತು ಜಾಗ ಒಳಗೆ, ಖಾತೆಗಳು ಮತ್ತು ವಹಿವಾಟುಗಳ ಸಂಖ್ಯೆ ಹೊರಗೆ. ಇಡೀ ಬ್ಯಾಂಕುಗಳ ಹೋಲಿಕೆಗೆ ನಾನು ಮಧ್ಯವರ್ತಿ ನೋಟವನ್ನೇ ಹಿಡಿಯುತ್ತೇನೆ, ಒಂದು ತಿದ್ದುಪಡಿಯೊಂದಿಗೆ: ಹೊರಹರಿವಿನಲ್ಲಿ ಒಟ್ಟು ಮುಂಗಡದ ಬದಲು ನಿವ್ವಳ ಎನ್‌ಪಿಎ (ಪ್ರಾವಿಷನ್ ಕಳೆದು ಉಳಿದ ಕೆಟ್ಟ ಸಾಲ) ಕಳೆದ ಮುಂಗಡ. ಹಾಗೆ ಮಾಡದಿದ್ದರೆ ಸಿಕ್ಕಸಿಕ್ಕವರಿಗೆ ಸಾಲ ಹಂಚಿದ ಬ್ಯಾಂಕು ಎಲ್ಲರಿಗಿಂತ ದಕ್ಷ ಎಂದು ಬರುತ್ತದೆ.

ಕಾಲಂಗಳ ಸಂಖ್ಯೆಗೆ ಮಿತಿಯಿರಲಿ. ಒಳಹರಿವು–ಹೊರಹರಿವುಗಳ ಒಟ್ಟು ಸಂಖ್ಯೆಯ ಮೂರು ಪಟ್ಟಾದರೂ ಬ್ಯಾಂಕುಗಳಿರಬೇಕು ಎಂಬುದು ರೂಢಿ. ಸಾರ್ವಜನಿಕ ವಲಯದಲ್ಲಿ ಈಗಿರುವುದು 12 ಬ್ಯಾಂಕು. ಅವಕ್ಕೆ ಮೂರು ಒಳಹರಿವು, ಮೂರು ಹೊರಹರಿವು ಹಾಕಿದರೆ ಹೆಚ್ಚುಕಡಿಮೆ ಎಲ್ಲರಿಗೂ 1 ಬಂದು ಎಲ್ಲರೂ ಫಸ್ಟ್ ಕ್ಲಾಸ್. ಎರಡು–ಎರಡು ಹಾಕಿ, ಇಲ್ಲವೇ ಮೂರು ವರ್ಷಗಳನ್ನು ಒಟ್ಟಿಗೆ ಸೇರಿಸಿ 36 ಮಾಡಿಕೊಳ್ಳಿ. ಆಗ ರೂಪಾಯಿ ಅಂಕಿಗಳನ್ನು ಬೆಲೆಯೇರಿಕೆಗೆ ಸರಿಹೊಂದಿಸುವುದು ಮರೆಯಬಾರದು.

ಡಿಇಎಗೆ ಇನ್ನೊಂದು ಐಬಿದೆ. ಅದು ಎಲ್ಲ ವ್ಯತ್ಯಾಸವನ್ನೂ ಅದಕ್ಷತೆ ಎಂದೇ ಓದುತ್ತದೆ. ದುರದೃಷ್ಟ, ಅಂಕಿ ತಪ್ಪು ಅದಕ್ಕೆ ಗೊತ್ತಿಲ್ಲ. 1977ರಲ್ಲೇ ಬಂದ ಸ್ಟೊಕ್ಯಾಸ್ಟಿಕ್ ಫ್ರಾಂಟಿಯರ್ ವಿಧಾನ ಇವನ್ನು ಅದಕ್ಷತೆಯಿಂದ ಬೇರ್ಪಡಿಸುತ್ತದೆ, ಆದರೆ ಅದಕ್ಕೆ ವರ್ಷಾನುಗಟ್ಟಲೆ ಅಂಕಿಗಳು ಬೇಕು, ವೆಚ್ಚದ ಸಮೀಕರಣದ ರೂಪವನ್ನು ಮೊದಲೇ ಊಹಿಸಬೇಕು. ಪಿಎಚ್.ಡಿ. ಮಾಡುವವರು ಎರಡನ್ನೂ ಮಾಡಲಿ. ಉಳಿದವರಿಗೆ ಡಿಇಎ ಸಾಕು.

ಹಂತ 9: ಅಲುಗಾಡಿಸಿ ನೋಡಿ, ಆಮೇಲೆ ಬರೆಯಿರಿ

ಅಂಕ 1 ಬಂದ ಬ್ಯಾಂಕುಗಳಲ್ಲಿ ಒಂದೊಂದನ್ನೇ ತೆಗೆದು ಮತ್ತೆ ಓಡಿಸಿ. ಒಂದು ಬ್ಯಾಂಕು ಬಿಟ್ಟ ಮಾತ್ರಕ್ಕೆ ಉಳಿದವರ ಅಂಕ 0.6ರಿಂದ 0.9ಕ್ಕೆ ಜಿಗಿದರೆ ಆ ಬ್ಯಾಂಕಿನ ವ್ಯವಹಾರವೇ ಬೇರೆ ಬಗೆಯದು, ಅದನ್ನು ಹಂತ 2ರಲ್ಲೇ ಹೊರಗಿಡಬೇಕಿತ್ತು. ಒಳಹರಿವಿನ ಒಂದು ಕಾಲಂ ಬದಲಿಸಿ, ಉದಾಹರಣೆಗೆ ಸಿಬ್ಬಂದಿ ಸಂಖ್ಯೆಯ ಜಾಗದಲ್ಲಿ ಸಿಬ್ಬಂದಿ ವೆಚ್ಚ, ಮತ್ತೊಮ್ಮೆ ಓಡಿಸಿ. ಎರಡು ಪಟ್ಟಿಗಳಲ್ಲೂ ಮೇಲಿನ ಮೂವರು, ಕೆಳಗಿನ ಮೂವರು ಅವರೇ ಇದ್ದರೆ ಅಷ್ಟನ್ನು ಧೈರ್ಯವಾಗಿ ಹೇಳಬಹುದು. ನಡುವಿನವರಲ್ಲಿ 0.84 ಬಂದವನಿಗೂ 0.86 ಬಂದವನಿಗೂ ಸ್ಥಾನ ಹಂಚಬೇಡಿ.

ಬರೆಯುವಾಗ ಹಂತ 4ರ ಪಟ್ಟಿಯನ್ನೂ ಹಂತ 7ರ ಅಂಕವನ್ನೂ ಒಂದೇ ಪುಟದಲ್ಲಿಡಿ. ಅಂಕ ಯಾರು ಹಿಂದೆ ಎಂದು ಹೇಳುತ್ತದೆ, ಪಟ್ಟಿ ಯಾವ ಸಾಲಿನಲ್ಲಿ ಹಿಂದೆ ಎಂದು ಹೇಳುತ್ತದೆ. ಎಸ್‌ಬಿಐ–ಎಚ್‌ಡಿಎಫ್‌ಸಿ ಹೋಲಿಕೆಯನ್ನು ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ‘2023–24ರಲ್ಲಿ ₹100 ಸ್ವತ್ತಿಗೆ ಎರಡೂ ಬ್ಯಾಂಕುಗಳ ಕಾರ್ಯಾಚರಣೆ ವೆಚ್ಚ ಸುಮಾರು ₹2. ವೆಚ್ಚ–ವರಮಾನ ಅನುಪಾತದ ಅಂತರ ವರಮಾನದ ಕಡೆಯಿಂದ ಬಂದದ್ದು; ಬಡ್ಡಿ ವರಮಾನದ ಅಂತರದಲ್ಲಿ ಶೇ 40ರಷ್ಟನ್ನು ಹೆಚ್ಚುವರಿ ಸ್ವಂತ ಬಂಡವಾಳವೇ ವಿವರಿಸುತ್ತದೆ, ಉಳಿದದ್ದರಲ್ಲಿ ಅಪಾಯದ ಪಾಲೂ ಇದೆ. ಎಸ್‌ಬಿಐನ ಲಾಭಕ್ಕೆ ಆ ವರ್ಷದ ಅತಿ ಕಡಿಮೆ ಪ್ರಾವಿಷನ್, ಎಚ್‌ಡಿಎಫ್‌ಸಿಯ ಲಾಭಕ್ಕೆ ಕಡಿಮೆ ತೆರಿಗೆ ಮತ್ತು ಪಾಲು ಮಾರಾಟ ನೆರವಾಗಿವೆ.’ ಇದರ ಕೆಳಗೆ ಯಾವ ಅಂಕಿಯನ್ನು ಎಲ್ಲಿಂದ ತೆಗೆದಿರಿ, ಸರಾಸರಿಯನ್ನು ಹೇಗೆ ಕಟ್ಟಿದಿರಿ, ಏನನ್ನು ಕಳೆದಿರಿ ಎಂದು ನಾಲ್ಕು ಸಾಲು ಬರೆದು ಎಕ್ಸೆಲ್ ಶೀಟನ್ನೂ ಜತೆಗಿಡಿ. ಮುಂದಿನ ಮೇ ತಿಂಗಳಿನಲ್ಲಿ ಹೊಸ ಫಲಿತಾಂಶ ಬಂದಾಗ ಹೊಸ ಕಾಲಂ ಸೇರಿಸಿದರೆ ಆಯಿತು.